ಬೀಗದ ಕೈ ಚೌರಪ್ಪನ ಜೊತೆ

ಇಪ್ಪತ್ತಾರು ವರ್ಷ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ
ಒಂದೇ ಕಂಬಕ್ಕೆ ಟಾರ್ಪಾಲು ಕಟ್ಟಿದವರು ನಾವು.
ನಾನು ಲೆಕ್ಕದ ಪುಸ್ತಕಗಳಿಗೆ ರಟ್ಟು ಹಾಕುವವನು,
ಅವನು ಬೀಗದ ಕೈ ಉಜ್ಜುವವನು.
ಟೀ ಅಂಗಡಿ ಬಿಟ್ಟರೆ ಒಟ್ಟಿಗೆ ಎಲ್ಲಿಗೂ ಹೋದವರಲ್ಲ.

ಶನಿವಾರ ಸಂಜೆ ಅರ ಒರೆಸುತ್ತ ಅಂದ:
"ಒಂದು ಕೋಟೆ ನೋಡಬೇಕಲ್ಲ, ರಂಗೋಜಿ."
ಇಲ್ಲೇ ಮಾರ್ಕೆಟ್ಟಿನ ಹತ್ತಿರ ಇದೆಯಲ್ಲ ಅಂದೆ.
"ಅದು ಕೋಟೆಯ ಸ್ಯಾಂಪಲ್ಲು.
ಜನ ಇರೋ ಕೋಟೆ ಬೇಕು.
ಒಳಗೆ ಯಾರಾದರೂ ಬಟ್ಟೆ ಒಣಗಾಕಿರಬೇಕು."

ಬಲಿಪೂಜೆ ಮುಗಿಸಿ ಮೆಜೆಸ್ಟಿಕ್ಕಿಗೆ ಬಂದ.
ಇಸ್ತ್ರಿಯ ಅಂಗಿ. ಜೇಬು ಮಾತ್ರ ಎಂದಿನಂತೆ ಜಗ್ಗಿತ್ತು.
ಹೆಬ್ಬಾಳದಲ್ಲಿ ಬಸ್ಸು ಅರ್ಧ ಗಂಟೆ ಧ್ಯಾನ ಮಾಡಿತು.
ಯಲಹಂಕ ದಾಟುವಷ್ಟರಲ್ಲಿ ಅವನಿಗೆ ನಿದ್ದೆ,
ನನ್ನ ಹೆಗಲಿಗೆ ಅವನ ತಲೆ.

ದೇವನಹಳ್ಳಿಯಲ್ಲಿ ಕೋಟೆ ಹೇಳದೆ ಕೇಳದೆ ಬರುತ್ತದೆ:
ಜೆರಾಕ್ಸ್ ಅಂಗಡಿ, ಬೇಕರಿ, ಮೆಡಿಕಲ್ಲು,
ಐನೂರು ವರ್ಷ.
ಬಾಗಿಲಲ್ಲಿ ಹಾಲಿನ ಟೆಂಪೋ ಹಾರ್ನ್ ಹೊಡೆಯಿತು,
ಗೋಡೆಗೆ ಬೆನ್ನಂಟಿಸಿ ದಾರಿ ಬಿಟ್ಟೆವು.

ಚೌರಪ್ಪ ಮುಂದೆ ಹೋಗಲೊಲ್ಲ.
ಕಲ್ಲಿನ ತೂತಿಗೆ ಮೊಣಕೈವರೆಗೆ ತೋಳು ತೂರಿಸಿ
ಹಸುವಿನ ಡಾಕ್ಟರ ಹಾಗೆ ಕಣ್ಣು ಮುಚ್ಚಿ ನಿಂತ.
"ಅಗುಳಿ ಮಾತ್ರ ಕಣೋ. ಬೀಗವೇ ಇಲ್ಲ.
ಒಳಗಿದ್ದೋರು ಹಾಕಬೇಕು, ಒಳಗಿದ್ದೋರೇ ತೆಗೀಬೇಕು.
ನನ್ನಂಥೋನಿಗೆ ಇಲ್ಲೇನು ಕೆಲಸ?"

ಒಳಗೆ ಕೊತ್ತಲದ ಮೊಳೆಯಿಂದ ಕರೆಂಟು ಕಂಬಕ್ಕೆ ಹಗ್ಗ,
ಒಂದು ನೈಟಿ, ಎರಡು ಯೂನಿಫಾರ್ಮು.
ಲೆಕ್ಕ ತಾಳೆಯಾದವನಂತೆ ತಲೆಯಾಡಿಸಿದ.

ಗೋಡೆಯ ಮೇಲೆ ಹುಲ್ಲು ಮೊಣಕಾಲುದ್ದ.
ತಲೆಯ ಮೇಲೆ ವಿಮಾನಗಳು, ಒಂದರ ಹಿಂದೊಂದು,
ಚಕ್ರ ಇಳಿಸಿಕೊಂಡು, ಹೊಟ್ಟೆ ತೋರಿಸಿಕೊಂಡು.
ನೋಡೋ ಎಷ್ಟು ಕೆಳಗೆ, ಎಂದೆ.
ಅವನು ಸದ್ದಿದ್ದ ಕಡೆ ನೋಡಿದ,
ವಿಮಾನ ಅದಾಗಲೇ ಅಲ್ಲಿರಲಿಲ್ಲ.
"ಎಲ್ಲಿ?"

ಆಮೇಲೆ ಹುಲ್ಲಿನ ಮೇಲೆ ಕೂತು ಹೇಳಿದ.
"ಆರು ತಿಂಗಳಾಯ್ತು, ಹಲ್ಲು ಕಾಣಲ್ಲ. ಕೀಲಿಕೈದು.
ಬೆರಳಲ್ಲೇ ಉಜ್ತಾ ಇದೀನಿ."
ವಾಪಸ್ ಬಂದು ಬೈದ ಗಿರಾಕಿಗಳು ನೆನಪಾದರು.
ನಿಮ್ಮ ಬೀಗಕ್ಕೇ ತುಕ್ಕು ಹಿಡಿದಿದೆ ಅಂತ
ಅವರ ಮೇಲೆ ಜಗಳಕ್ಕೆ ಬಿದ್ದವನು ನಾನು.

ಜೇಬಿನಿಂದ ಗೊಂಚಲು ತೆಗೆದ. ಮಾಡಿಸಲು ಕೊಟ್ಟು
ಒಯ್ಯಲು ಬಾರದವರ ಕೀಲಿಕೈಗಳು.
ಮನೆ ಬದಲಿಸಿದವರವೋ, ಮನಸ್ಸು ಬದಲಿಸಿದವರವೋ.
ಬಂದೂಕಿನ ಕಿಂಡಿಯಲ್ಲಿ ಇಟ್ಟ.
"ಇಲ್ಲೇ ಇರ್ಲಿ. ಇಷ್ಟು ದೊಡ್ಡ ಮನೆ,
ಒಂದು ಬೀಗದ ಕೈ ಇಲ್ಲ ಅಂದ್ರೆ ಹೇಗೆ?"

ಮಾತಿಲ್ಲದೆ ಮೆಟ್ಟಿಲಿಳಿದೆವು.
ಏನಾದರೂ ಹೇಳಬೇಕು ಎಂದು ಬಾಯಿ ತೆರೆದೆ,
ಮೈದಾ ಅಂಟು ಮೆತ್ತಿದ ಹಾಗಿತ್ತು.

ಕೆಳಗೆ ಕ್ರಿಕೆಟ್. ಚೆಂಡು ಹುಡುಕಲು ಗೋಡೆ ಹತ್ತಿದವನೊಬ್ಬ
ಏದುಸಿರು ಬಿಡುತ್ತ ಓಡಿಬಂದ:
"ತಾತಾ, ನಿಮ್ ಕೀ! ಮನೆಗೆ ಹೇಗೆ ಹೋಗ್ತಿದ್ರಿ?"
ಚೌರಪ್ಪ ಹೆಬ್ಬೆರಳಲ್ಲಿ ಒಂದೊಂದನ್ನೇ ಸವರಿ ಎಣಿಸಿದ.
ಮೂವತ್ತೊಂದು. ಸರಿ ಇದೆ.
"ಥ್ಯಾಂಕ್ಸ್ ಮರಿ," ಎಂದು ಎಷ್ಟು ಗಂಭೀರವಾಗಿ ಹೇಳಿದನೆಂದರೆ
ನಗು ತಡೆಯಲು ನಾನು ಚಪ್ಪಲಿಯ ಕಲ್ಲು ತೆಗೆಯಬೇಕಾಯಿತು.

ಬಸ್ ಸ್ಟ್ಯಾಂಡಿನಲ್ಲಿ ಒಂದು ಚಕ್ಕೋತ ಕೊಂಡೆವು.
ನೂರು ರೂಪಾಯಿ ಎಂದಳು, ಎಪ್ಪತ್ತಕ್ಕೆ ಇಳಿದಳು.
ಕಿಟಕಿಯಲ್ಲಿ ಕತ್ತಲಾಗುವವರೆಗೂ
ಅವನು ನೋಡದೆ ಸುಲಿಯುತ್ತಲೇ ಹೋದ,
ಒಂದು ತೊಳೆಯೂ ಒಡೆಯದ ಹಾಗೆ,
ಒಂದು ಎಳೆ ಬಿಳಿಯೂ ಉಳಿಯದ ಹಾಗೆ.
ನನಗೆ ಎಂಟು, ತನಗೆ ಆರು.

ನಾಳೆ ಬರ್ತೀಯೇನೋ, ಎಂದೆ ಹೆಬ್ಬಾಳದಲ್ಲಿ.
ಬೀಜ ಅಂಗೈಗೆ ಉಗುಳಿಕೊಂಡು ಹೇಳಿದ:
"ಬರ್ದೆ ಇನ್ನೆಲ್ಲಿಗೆ ಹೋಗಲಿ?
ಟಾರ್ಪಾಲು ನೀನೇ ಕಟ್ಟು.
ನಿನ್ನ ಗಂಟು ಯಾವಾಗಲೂ ಸಡಿಲ."